ಡಿಕ್ಕಿಯೊಳಗಿನ ಅರ್ಥ

12 ನವೆಂಬರ್ 2007, ಸೋಮವಾರ

ಮಾವನವರ ಅಂಬಾಸಿಡರ್ ಕಾರು ನಮ್ಮ ಮನೆ ಮುಂದೆ ನಿಂತಿದೆ. ಇಷ್ಟು ಬರೆದು ಕಿಟಕಿಯಿಂದ ಇನ್ನೊಮ್ಮೆ ನೋಡಿ ಬಂದೆ. ನಿಂತಿದೆ.

ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯಲ್ಲಿ ಇಷ್ಟು ದಿನ ಬರೀ ಬೋರ್ಡಿನ ಅಳತೆ ಬರೆಯುತ್ತಿದ್ದೆ. ಇನ್ನು ಮೇಲೆ ಕಾರಿನ ವಿಷಯವನ್ನೂ ಇದರಲ್ಲೇ ಬರೆಯುತ್ತೇನೆ. ಹೆಂಡತಿ ಅಂಜಲಿಯ ಮುಂದೆ ಹೇಳಿದರೆ ಸಂಜೆಯೊಳಗೆ ಅದು ಬ್ಯಾಡಗಿಯಲ್ಲಿರುವ ಅವಳ ತಾಯಿಗೆ ಮುಟ್ಟುತ್ತದೆ, ಅಲ್ಲಿಂದ ಮಾವನಿಗೆ.

ಮಾವ ಹೇಮಪ್ಪನವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಧೋತರ ಹಳದಿ ಮಾಡಿದ ಎಂದು ಅಗಸನ ಮೇಲೆ, ಹಾಲು ಹಳದಿಯಾಗಿದೆ ಎಂದು ಅತ್ತೆಯ ಮೇಲೆ ವರ್ಷವಿಡೀ ಜಗಳ. ಕಡೆಗೆ ದೀಪಾವಳಿ ಮುಗಿಸಿಕೊಂಡು ಆಪರೇಶನ್ನಿಗೆ ಒಪ್ಪಿದರು. ರಾಣೇಬೆನ್ನೂರಿನಲ್ಲಿ ಒಂದಾದ ಮೇಲೊಂದು ಕಣ್ಣು. ವಾಸಿಯಾಗುವವರೆಗೆ ಅಲ್ಲೇ ದೊಡ್ಡ ಮಗಳ ಮನೆಯಲ್ಲಿ ಇರುತ್ತಾರೆ. ಇವತ್ತು ನಾನೇ ಕಾರು ನಡೆಸಿಕೊಂಡು ಹೋಗಿ ಬಿಟ್ಟೆ. ಇಳಿದವರು ಕೀಲಿಯನ್ನು ನನ್ನ ಅಂಗೈಯಲ್ಲಿ ಇಟ್ಟರು, ಆದರೆ ಬಿಡಲಿಲ್ಲ.

"ಪೇಂಟರ್, ಗಾಡಿ ನಿನ್ನ ಕಡೆ ಇರ್ಲಿ. ದಿನಾ ಒಮ್ಮೆ ಚಾಲೂ ಮಾಡು. ಆದ್ರ ಬಣ್ಣ ಮುಟ್ಟಸಬ್ಯಾಡ."

"ಇಲ್ಲರಿ ಮಾವಾರ."

"ನನ್ನ ಧೋತರದಂಗ ಅದೂ ಹಳದಿ ಆಗೇತಿ. ಆಗ್ಲಿ. ನೀ ಒಂದ್ ಬೊಟ್ಟೂ ಹಚ್ಚಬ್ಯಾಡ."

ಕಾರು ಹಾಲಿನಷ್ಟು ಬಿಳಿ ಇದೆ. ಆದರೆ ಬಣ್ಣದ ವಿಷಯದಲ್ಲಿ ಮಾವನ ಜೊತೆ ವಾದ ಮಾಡುವ ಪೇಂಟರ್ ನಾನಲ್ಲ. ಹುಲಿಗ್ಯಾ ಎಂಬ ಹೆಸರು ನನಗಿದ್ದರೂ ಅವರು ಕರೆಯುವುದು ಪೇಂಟರ್ ಎಂದೇ. ಆದರೂ ನನ್ನ ಅಕ್ಷರಗಳನ್ನು ಅವರು ಎಂದೂ ಒಪ್ಪಿದವರಲ್ಲ. "ಬಸ್ಸಿನ್ಯಾಗಿನ ಮಂದಿ ಹಂಗ ಒಂದರ ಮ್ಯಾಲೊಂದು ಬಿದ್ದಿರ್ತಾವ" ಅನ್ನುತ್ತಾರೆ. ಮಗಳನ್ನು ಬಿಟ್ಟರೆ ಅವರು ನನ್ನ ಕೈಗೆ ಕೊಟ್ಟ ಮೊದಲ ವಸ್ತು ಈ ಕಾರು. ಮಗಳನ್ನು ಕೊಡುವಾಗಲೂ ಇಷ್ಟು ಯೋಚಿಸಿರಲಿಲ್ಲ. ಇದು ಹೇಗೆ ಬಂತೋ ಹಾಗೇ ವಾಪಸ್ ಹೋಗಬೇಕು. ಆಗ ಹೇಳಲಿ, ಪೇಂಟರನನ್ನು ನಂಬಬಹುದೋ ಇಲ್ಲವೋ ಎಂದು.

15 ನವೆಂಬರ್, ಗುರುವಾರ

ಪಕ್ಕದ ಮನೆಯ ಫಕ್ಕೀರಸಾಬನ ಬಾಡಿಗೆ ಅಂಬಾಸಿಡರಿನ ಬ್ಯಾಟರಿ ಕಳುವಾಗಿದೆ. ಬಾನೆಟ್ ಎತ್ತಿ, ವಾಯರ್ ಬಿಚ್ಚಿ, ಬಾನೆಟ್ಟನ್ನು ಮತ್ತೆ ಮೆಲ್ಲಗೆ ಮುಚ್ಚಿ ಹೋಗಿದ್ದಾರೆ. "ಮರ್ಯಾದಸ್ಥ ಕಳ್ಳರು" ಎಂದ ಫಕ್ಕೀರಸಾಬ.

ಮಾವನ ಕಾರಿನ ಬಾನೆಟ್ಟಿಗೂ ಬೀಗವಿಲ್ಲ. ಡಿಕ್ಕಿಗೆ ಇದೆ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರೆ?

ಸಂಜೆ ಮಾವನ ಫೋನ್ ಬಂತು. ಮೊದಲ ಕಣ್ಣಿನ ಆಪರೇಶನ್ ಆಗಿದೆ. ಹೇಗಿದ್ದೀರಿ ಎಂದು ಕೇಳುವುದರೊಳಗೆ "ಗಾಡಿ ಚಾಲೂ ಮಾಡಿ ಫೋನ್ ಬಾನೆಟ್ ಹತ್ರ ಹಿಡಿ" ಎಂದರು. ಹಿಡಿದೆ. ಬಹಳ ಹೊತ್ತು ಕೇಳಿ "ಹ್ಞೂಂ" ಎಂದು ಇಟ್ಟುಬಿಟ್ಟರು. ಜಗತ್ತಿನಲ್ಲಿ ಇಂಥ ಮಾವ ಇನ್ನೊಬ್ಬನಿಲ್ಲ.

18 ನವೆಂಬರ್, ಭಾನುವಾರ

ಬ್ಯಾಟರಿ ಸಾಗಿಸಿದೆ. ಕೆಲಸ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿದೆ.

ಮೊದಲು ಡಿಕ್ಕಿಯ ನೆಲ ನೋಡಿದೆ. ಪೂರ್ತಿ ತುಕ್ಕು. ತುಕ್ಕಿನ ಮೇಲೆ ಬ್ಯಾಟರಿ ಇಡಲು ಮನಸ್ಸು ಬರಲಿಲ್ಲ. ಬಣ್ಣ ಹಚ್ಚಬೇಡ ಎಂದಿದ್ದು ಕಾರಿಗೆ. ಡಿಕ್ಕಿಯ ಒಳಗಿನದು ಕಾರಿನ ಲೆಕ್ಕಕ್ಕೆ ಬರುವುದಿಲ್ಲ. ಅದು ಪೆಟ್ಟಿಗೆ ಇದ್ದಂತೆ. ಉಜ್ಜಿ, ಮತ್ತೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಕೋಟು ಹಸಿರು ಎನಾಮಲ್ ಕೊಟ್ಟೆ. ಕನ್ನಡಿ ಹಾಗೆ ಹೊಳೆಯಿತು. ಸುಮ್ಮನೆ ಬಿಡಲಾಗದೆ ಸುತ್ತ ಹಳದಿ ಗೆರೆ ಎಳೆದೆ. ಆಮೇಲೆ ಬ್ಯಾಟರಿ ಕೂರುವ ಜಾಗದ ಹಿಂದೆ "ಬ್ಯಾಟರಿ" ಎಂದು ಬರೆದು ಅಕ್ಷರಗಳಿಗೆ ನೆರಳು ಕೊಟ್ಟೆ. ನನ್ನ ಬೋರ್ಡಿನ ಅಂಗಡಿಯ ಎದುರಿಗೆ ಫ್ಲೆಕ್ಸ್ ಅಂಗಡಿ ಬಂದ ಮೇಲೆ ನೆರಳಿನ ಅಕ್ಷರ ಬರೆಸುವವರೇ ಇಲ್ಲ. ಕೈ ಬಹಳ ದಿನಕ್ಕೆ ಹಿಗ್ಗಿತು.

ಬಣ್ಣ ಒಣಗಿದ ಮೇಲೆ ಬ್ಯಾಟರಿ ಇಟ್ಟು, ಉದ್ದನೆಯ ಕೆಂಪು ವಾಯರನ್ನು ಸೀಟಿನ ಕೆಳಗಿಂದ ಮುಂದಕ್ಕೆ ಎಳೆದೆ. ಕರಿ ವಾಯರನ್ನು ಬಾನೆಟ್ಟಿನಲ್ಲಿ ಹೇಗೆ ಗಾಡಿಯ ಮೈಗೆ ಬೋಲ್ಟು ಹಾಕಿ ಬಿಗಿದಿದ್ದರೋ ಹಾಗೇ ಡಿಕ್ಕಿಯ ನೆಲಕ್ಕೆ ಬಿಗಿದೆ, ಬಣ್ಣ ಕೆಡದ ಹಾಗೆ ಕೆಳಗೊಂದು ರಬ್ಬರ್ ವಾಶರ್ ಇಟ್ಟು. ಕೀಲಿ ತಿರುಗಿಸಿದೆ. ಸ್ವಲ್ಪ ಕೆಮ್ಮಿತು, ಚಾಲೂ ಆಯಿತು. ಮಾವ ಫೋನಿನಲ್ಲಿ ಕೇಳಿ "ಹ್ಞೂಂ" ಎಂದರು.

20 ನವೆಂಬರ್, ಮಂಗಳವಾರ

ಕಾರಿಗೆ ಏನೋ ಆಗಿದೆ.

ಬಸ್ ಸ್ಟ್ಯಾಂಡಿನ ಮುಂದೆ ಎಡಕ್ಕೆ ತಿರುಗಲು ಇಂಡಿಕೇಟರ್ ಹಾಕಿದೆ. ಹಾರ್ನ್ ಆಯಿತು. ಹಾರ್ನ್ ನಿಲ್ಲಿಸಲು ಬ್ರೇಕ್ ಒತ್ತಿದೆ, ಯಾಕೆ ಒತ್ತಿದೆನೋ ಗೊತ್ತಿಲ್ಲ. ವೈಪರ್ ಅರ್ಧಕ್ಕೆ ಎದ್ದು ನಿಂತಿತು. ಮೋಡವಿಲ್ಲದ ಆಕಾಶ. ಟ್ರಾಫಿಕ್ ಪೊಲೀಸ್ ತನಗೇ ಕೈಮಾಡಿದರು ಎಂದುಕೊಂಡನೋ ಏನೋ, ವೈಪರಿಗೆ ಸಲಾಮು ಹೊಡೆದ.

ಹಿಂದೆ ಕುಳಿತ ಅಂಜಲಿ "ಏನ್ ಮಾಡಾಕತ್ತೀರಿ?" ಎಂದಳು.

"ಎಲ್ಲಾ ಚೆಕ್ ಮಾಡಾಕತ್ತೇನಿ."

"ಇಲ್ಲೇ ಮಾಡಬೇಕೇನು, ಅಷ್ಟೂ ಮಂದಿ ಮುಂದ?"

23 ನವೆಂಬರ್, ಶುಕ್ರವಾರ

ಕೀಲಿ ತಿರುಗಿಸಿದರೆ ಕಟ್ ಎನ್ನುತ್ತದೆ, ಮುಂದೆ ಹೋಗುವುದಿಲ್ಲ. ಚೋಕಿನ ತಂತಿ ಬಿಸಿಯಾಗಿ ಹೊಗೆ ಬಂತು. ಚೋಕಿಗೂ ಕರೆಂಟಿಗೂ ಏನು ಸಂಬಂಧ?

ಅಷ್ಟರಲ್ಲಿ ಮಾವನ ಫೋನ್. "ಹಿಡಿ" ಎಂದರು. ಏನು ಮಾಡಲಿ? ಫಕ್ಕೀರಸಾಬ ಹೊಸ ಬ್ಯಾಟರಿ ಹಾಕಿಸಿ ಆಗಷ್ಟೇ ಗಾಡಿ ಚಾಲೂ ಮಾಡುತ್ತಿದ್ದ. ಓಡಿ ಹೋಗಿ ಅವನ ಬಾನೆಟ್ಟಿಗೆ ಹಿಡಿದೆ. ಅದೂ ಅಂಬಾಸಿಡರೇ ಅಲ್ಲವೇ.



"ಪೇಂಟರ್."

"ರೀ ಮಾವಾರ."

"ನನ್ನ ಗಾಡಿ ಪೆಟ್ರೋಲಿಂದು. ಯಾವಾಗಿಂದ ಡೀಸೆಲ್ ಕುಡ್ಯಾಕತ್ತೈತಿ?"

ಲೈನ್ ಸರಿಯಿಲ್ಲ ಎಂದೆ. ಅವರು ಬೈಯಲಿಲ್ಲ. ಮಗಳ ಮನೆಯಲ್ಲಿ ಸಪ್ಪೆ ಊಟ, ಟಿವಿ ನೋಡುವಂತಿಲ್ಲ, ಬಗ್ಗುವಂತಿಲ್ಲ, ಸೀನುವಂತಿಲ್ಲ ಎಂದು ಹೇಳಿಕೊಂಡರು. "ಮೆಣಸಿನಕಾಯಿ ದಲಾಲಗ ಸೀನಬ್ಯಾಡ ಅಂದ್ರ ಹೆಂಗ?" ಎಂದರು. ನಗು ಬಂತು. ಅವರ ಮಾತಿಗೆ ನಗಬಹುದು ಎಂದು ನನಗೆ ಗೊತ್ತಿರಲಿಲ್ಲ.

26 ನವೆಂಬರ್, ಸೋಮವಾರ

ಫಕ್ಕೀರಸಾಬ ಹಿಂದಿನಿಂದ ನೂಕಿದ. ಚಾಲೂ ಮಾಡಿಕೊಂಡು ರಾಣೇಬೆನ್ನೂರಿನ ದಿಲಾವರನ ಹತ್ತಿರ ಹೋದೆ. ಗಾಡಿಗಳ ವಾಯರಿಂಗ್ ಕೆಲಸದಲ್ಲಿ ಹೆಸರಾದವನು. ಬ್ಯಾಡಗಿಯಲ್ಲಿ ತೋರಿಸಿದರೆ ಪೇಟೆಯೆಲ್ಲ ಸುದ್ದಿ. ಆದರೆ ಮಾವ ಇರುವುದು ರಾಣೇಬೆನ್ನೂರಿನಲ್ಲೇ. ಅವರ ಓಣಿ ತಪ್ಪಿಸಲು ಹಿಂದಿನ ಸಂದಿಗಳಲ್ಲಿ ಹೋದೆ. ಸಂದಿ ಎಂದರೆ ತಿರುವು, ತಿರುವು ಎಂದರೆ ಇಂಡಿಕೇಟರ್, ಇಂಡಿಕೇಟರ್ ಎಂದರೆ ಹಾರ್ನ್. ಊರಿಗೆಲ್ಲ ಡಂಗುರ ಹೊಡೆದುಕೊಂಡು ಗುಟ್ಟಾಗಿ ಹೋದಂತಾಯಿತು.

ದಿಲಾವರ ಕಾರು ನೋಡಿದವನೇ "ಹೇಮಪ್ಪಣ್ಣಾರ ಗಾಡಿ" ಎಂದ. ಬಾನೆಟ್ ಎತ್ತಿದ.

"ಬ್ಯಾಟರಿ ಎಲ್ಲೈತ್ರಿ?"

"ಡಿಕ್ಯಾಗ."

"ತಗೀರಿ ಹಂಗಾರ."

"ಅದರ ಕೀಲಿ ಮನ್ಯಾಗ ಉಳೀತು."

ಕೀಲಿ ನನ್ನ ಜೇಬಿನಲ್ಲೇ ಇತ್ತು. ಡಿಕ್ಕಿ ತೆಗೆದರೆ ಹಸಿರು ಬಣ್ಣ ಕಾಣುತ್ತದೆ, ಗುರುವಾರದ ಮಾರ್ಕೆಟ್ಟಿಗೆ ಇವನು ಬ್ಯಾಡಗಿಗೆ ಹೋಗುವವನು. ದಿಲಾವರ ಮುಂದಿನ ಕಡೆಯೇ ಹುಡುಕಿದ. ಹಾರ್ನಿನ ತಪ್ಪು ಎಂದು ಹಾರ್ನ್ ಬದಲಿಸಿದ. ಈಗ ಇಂಡಿಕೇಟರ್ ಹಾಕಿದರೆ ಮೊದಲಿಗಿಂತ ಜೋರಾಗಿ ಕೂಗುತ್ತದೆ.

28 ನವೆಂಬರ್, ಬುಧವಾರ

ದಿಲಾವರ ಫೋನ್ ಮಾಡಿದ. ಮಾತು ಇದ್ದ ಹಾಗೇ ಬರೆದಿಡುತ್ತೇನೆ.

"ರೀ, ನಿಮ್ಮ ಗಾಡಿ ನೆನಪಾಗಿ ವಿಚಾರ ಮಾಡಿದ್ನಿ. ಅರ್ಥ ಆಗೇತೇನ್ರಿ ಅದಕ್ಕ?"

"ನನಗ ಆಗಿಲ್ಲೋ ಮಾರಾಯಾ, ಅದಕ್ಕೆಲ್ಲಿ ಆಗಬೇಕು."

"ಅದಕ್ಕ ಮತ್ತ. ಅರ್ಥ ಇಲ್ಲಂದ್ರ ಹಿಂಗ ನೋಡ್ರಿ, ಒಂದ್ ಮಾಡಾಕ ಹೋದ್ರ ಇನ್ನೊಂದ ಆಕ್ಕೈತಿ."

"ಖರೇ ಐತಿ ನಿನ್ನ ಮಾತು."

"ಅರ್ಥ ಆದ್ರ ಎಲ್ಲಾ ಸರಿ ಆಕ್ಕೈತಿ. ಮದಲ ಅದನ್ನ ನೋಡ್ಕೋರಿ."

ಹೀಗೆ ಹೇಳಿ ಇಟ್ಟ. ಹಾರ್ನ್ ರಿಪೇರಿ ಮಾಡುವವನ ಬಾಯಲ್ಲಿ ಎಂಥ ದೊಡ್ಡ ಮಾತು. ನನ್ನ ಮತ್ತು ಮಾವನ ವಿಷಯವೂ ಅಷ್ಟೇ ಅಲ್ಲವೇ? ಕೆಲಸವೂ ಇರಲಿಲ್ಲ. ಒಂದು ತಗಡಿಗೆ ನೀಲಿ ಹೊಡೆದು, ಬಿಳಿ ಅಕ್ಷರದಲ್ಲಿ "ಅರ್ಥ ಆದರೆ ಎಲ್ಲಾ ಸರಿ" ಎಂದು ಬರೆದು ಅಂಗಡಿಯ ಬಾಗಿಲಿಗೆ ತೂಗು ಹಾಕಿದೆ. ಫ್ಲೆಕ್ಸ್ ಅಂಗಡಿಯವನು ಬಂದು ಎರಡು ಸಲ ಓದಿ ಹೋದ.

30 ನವೆಂಬರ್, ಶುಕ್ರವಾರ

ಕಾರು ಸರಿಯಾಗಿದೆ! ಏನೂ ಮಾಡಲಿಲ್ಲ. ಹಲಗೇರಿಯಲ್ಲಿ ಗೊಬ್ಬರದ ಅಂಗಡಿಯ ಗೋಡೆ ಬರೆಯುವುದಿತ್ತು. ಕಬ್ಬಿಣದ ಏಣಿಯನ್ನು ಡಿಕ್ಕಿಗೆ ತುರುಕಿ, ಹೊರಗೆ ಉಳಿದ ಅರ್ಧಕ್ಕೆ ಹಗ್ಗ ಕಟ್ಟಿ, ನೂಕಿಸಲು ಫಕ್ಕೀರಸಾಬನನ್ನು ಕರೆಯುವ ಮೊದಲು ಸುಮ್ಮನೆ ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಚಾಲೂ. ಎಡಕ್ಕೆ ಹಾಕಿದರೆ ಎಡಕ್ಕೇ ಮಿನುಗಿತು.

ಅಲ್ಲಿ ಏಣಿ ಇಳಿಸಿ ಗೋಡೆ ಬರೆದು ಮುಗಿಸಿ, ಕಾರು ತಿರುಗಿಸಿ ನಿಲ್ಲಿಸೋಣವೆಂದು ಹತ್ತಿದೆ. ಕಟ್. ಏಣಿ ಹಾಕಿದೆ. ಚಾಲೂ. ಇಳಿಸಿದೆ. ಕಟ್. ಗೊಬ್ಬರದ ಅಂಗಡಿಯವರು ಹೊರಗೆ ಬಂದು ನಿಂತರು.

ಈ ಕಾರಿಗೆ ಏಣಿ ಬೇಕು. ಯಾಕೆ ಎಂದು ಕೇಳಬಾರದು. ಕೆಲವರಿಗೆ ಚಹಾ ಬೇಕು.

2 ಡಿಸೆಂಬರ್, ಭಾನುವಾರ

ಅಗಡಿಯಲ್ಲಿ ಅಂಜಲಿಯ ಗೆಳತಿಯ ಮಗುವಿಗೆ ಹೆಸರಿಡುವ ಕಾರ್ಯಕ್ರಮ. ಅಂಜಲಿ ರೇಷ್ಮೆ ಸೀರೆ ಉಟ್ಟು ಬಂದವಳು ಡಿಕ್ಕಿ ನೋಡಿ ನಿಂತಳು.

"ತೊಟ್ಲದ ಕಾರ್ಯಕ್ಕ ಏಣಿ ಯಾಕ?"

"ಇರ್ಲಿ."

"ತೊಟ್ಲ ಅಷ್ಟ ಎತ್ತರ ಕಟ್ಟಿರ್ತಾರೇನು?"

ಅಲ್ಲಿ ಹೋದ ಮೇಲೆ ಒಬ್ಬರು ಗೋಡೆಗೆ ಬಣ್ಣ ಹಚ್ಚಲು ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಇನ್ನೊಬ್ಬರು ನಮ್ಮ ಏಣಿಯನ್ನೇ ಇಸಿದುಕೊಂಡು ಕಂಬದ ಬದಲು ನಿಲ್ಲಿಸಿ ಶಾಮಿಯಾನ ಕಟ್ಟಿದರು. ಅವರು ಶಾಮಿಯಾನ ಬಿಚ್ಚುವವರೆಗೆ ನಾವು ಹೊರಡುವಂತಿರಲಿಲ್ಲ.

4 ಡಿಸೆಂಬರ್, ಮಂಗಳವಾರ

ಮಾವನ ಫೋನ್ ಬರಲಿಲ್ಲ. ಸಿಗ್ನಲ್ ಇದೆಯೋ ಎಂದು ಎರಡು ಸಲ ತೆಗೆದು ನೋಡಿದೆ. ಇತ್ತು.

5 ಡಿಸೆಂಬರ್, ಬುಧವಾರ

ಇವತ್ತು ಬಂತು. ನಾನು ಆಗಲೇ ಕಾರು ಚಾಲೂ ಮಾಡಿ ಬಾನೆಟ್ಟಿನ ಹತ್ತಿರ ನಿಂತಿದ್ದೆ. ಆದರೆ ಅವರು ಹಿಡಿ ಎನ್ನಲಿಲ್ಲ.

"ನಾಳೆ ಎರಡನೇ ಕಣ್ಣು ಮಾಡ್ತಾರ, ಪೇಂಟರ್."

"ಹೌದರಿ."

"ಮದಲನೇದು ಇನ್ನೂ ನೀರಾಡತೈತಿ. ಎಲ್ಲಾ ಕಲಸಿದಂಗ ಕಾಣತೈತಿ. ಇದೂ ಹಂಗ ಆದ್ರ?"

ಎಲ್ಲ ಸರಿಯಾಗುತ್ತದೆ ಎಂದು ಎಲ್ಲರೂ ಹೇಳಿರುತ್ತಾರೆ.

"ಕಣ್ಣು ಬರ್ಲಿಲ್ಲಂದ್ರ ಗಾಡಿ ನೀನ ಇಟ್ಕೋ. ಬಣ್ಣನೂ ಹಚ್ಚು ಬೇಕಾದ್ರ. ನಾ ಏನ್ ನೋಡಾಂವ ಅಲ್ಲಲ್ಲ."

"ಒಲ್ಲೆ" ಎಂದೆ. ಜೋರಾಗಿಯೇ ಬಂತು. ಆಮೇಲೆ ಫೋನನ್ನು ಬಾನೆಟ್ಟಿಗೆ ಹಿಡಿದೆ. ಅವರು ಇಡುವವರೆಗೆ ಹಿಡಿದೆ.

9 ಡಿಸೆಂಬರ್, ಭಾನುವಾರ

ಬರೆಯಲು ಬಹಳ ಇದೆ.

ಎರಡನೇ ಕಣ್ಣೂ ಚೆನ್ನಾಗಿ ಆಗಿ ಪಟ್ಟಿ ಬಿಚ್ಚಿದ್ದರಿಂದ ಮಾವನನ್ನು ಬ್ಯಾಡಗಿಗೆ ಕರೆದೊಯ್ಯಲು ನಾನು, ಅಂಜಲಿ, ಏಣಿ ರಾಣೇಬೆನ್ನೂರಿಗೆ ಹೋದೆವು. ಮಾವ ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ಕಾರು ನಿಂತ ಕೂಡಲೇ ಎದ್ದರು. ಕನ್ನಡಕ ತೆಗೆದರು. ಮುಂದೆ ನೋಡಿದರು, ಪಕ್ಕಕ್ಕೆ ಬಂದು ನೋಡಿದರು.

"ಬಣ್ಣ ಹಚ್ಚೀದಿ."

"ಇಲ್ಲರಿ ಮಾವಾರ!"

"ಹಾಲಿನಂಗ ಐತಿ. ಸುಳ್ಳ ಹೇಳ್ತಿ?"

"ಅಪ್ಪಾ, ಅದು ಮದಲಿಂದ ಬಿಳೀನ ಐತಿ" ಎಂದಳು ಅಂಜಲಿ.

"ನನ್ನ ಗಾಡಿ ಬಣ್ಣ ನನಗ ಗೊತ್ತಿಲ್ಲೇನು? ಏಣಿ ಬ್ಯಾರೆ ತಂದಾನ. ಟಾಪ್ ಹಚ್ಚೂದು ಉಳದೈತೇನೋ?"

ಓಣಿಯ ಜನ ಬಾಗಿಲಿಗೆ ಬಂದರು. ಮಾವ ಏಣಿ ಇಳಿಸು ಎಂದರು. ಬೇಡ ಎಂದೆ. ಇಳಿಸು ಎಂದರು. ಇಳಿಸಿ ಡಿಕ್ಕಿ ಮುಚ್ಚಿ, ದೇವರ ಮೇಲೆ ಭಾರ ಹಾಕಿ ಕೀಲಿ ತಿರುಗಿಸಿದೆ. ಕಟ್. ವೈಪರ್ ಅರ್ಧಕ್ಕೆ ಎದ್ದು ನಿಂತಿತು.

"ಇದೇನ ಮಾಡೀದಿ ನನ್ನ ಗಾಡಿಗೆ?"

ಇಷ್ಟು ದಿನದ ಸಿಟ್ಟು ಒಮ್ಮೆಲೇ ಬಂತು. ಹಚ್ಚದೇ ಇದ್ದ ಬಣ್ಣಕ್ಕೆ ಬೈಸಿಕೊಳ್ಳುವುದೆಂದರೇನು? ಕೆಳಗಿಳಿದೆ.

"ನಾ ಬಣ್ಣ ಹಚ್ಚಿದ್ರ ಹಿಂಗ ಇರ್ತೈತೇನ್ರಿ? ನಾ ಹಚ್ಚಿದ ಬಣ್ಣ ಹೆಂಗಿರ್ತೈತಿ ನೋಡಬೇಕೇನು? ಬರ್ರಿ ಇಲ್ಲೆ" ಎಂದವನೇ ಡಿಕ್ಕಿ ಎತ್ತಿಬಿಟ್ಟೆ.

ಎತ್ತಿದ ಮೇಲೆ ನೆನಪಾಯಿತು.

ಹಸಿರು ಬಿಸಿಲಿಗೆ ಹೊಳೆಯುತ್ತಿತ್ತು. ಮಾವ ಬಗ್ಗುವಂತಿರಲಿಲ್ಲ, ನೆಟ್ಟಗೆ ನಿಂತೇ ನೋಡಿದರು. ಹಳದಿ ಗೆರೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಕಣ್ಣು ಹೋಯಿತು. ಆಮೇಲೆ ಚಿಕ್ಕ ಮಕ್ಕಳ ಹಾಗೆ "ಬ್ಯಾ, ಟ, ರಿ" ಎಂದು ಓದಿದರು.

"ಯಾರು ಬರದದ್ದಿದು?"

"ನಾನ ರೀ."

"ಅಕ್ಷರ ಬಿಡಿಬಿಡಿ ಅದಾವಲ್ಲ. ನೆರಳು ಬ್ಯಾರೆ. ಯಾವಾಗ ಕಲ್ತಿ?"

ನಾನು ಹದಿನೆಂಟು ವರ್ಷದಿಂದ ಹಾಗೇ ಬರೆಯುತ್ತಿದ್ದೇನೆ ಎಂದು ಹೇಳಲಿಲ್ಲ. ಅವರು ತಮ್ಮ ಧೋತರದ ಚುಂಗು ಹಿಡಿದು ಕಾರಿನ ಬಾಗಿಲಿಗೆ ತಾಗಿಸಿ ನೋಡಿದರು. ಎರಡೂ ಬಿಳಿ. ಅಗಸನ ಮೇಲೆ ಜಗಳ ತೆಗೆದ ಅದೇ ಹಳೆಯ ಧೋತರ.

"ಅಗಸಗ ಏನ್ ಹೇಳೂದು ಈಗ?" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ ಡಿಕ್ಕಿಯ ಕಡೆ ತಿರುಗಿ "ಅರ್ಥ ಎಲ್ಲೈತಿ?" ಎಂದರು.

"ಅಂಗಡಿ ಬಾಗಲಕ್ಕ ತೂಗ ಹಾಕೇನ್ರಿ."

"ಏನು?"

"ಅರ್ಥ ಆದರೆ ಎಲ್ಲಾ ಸರಿ ಅಂತ. ದಿಲಾವರ ಹೇಳಿದ್ದು. ಬೋರ್ಡ್ ಬರದೇನಿ."

ಮಾವ ನನ್ನ ಮುಖವನ್ನೇ ನೋಡಿದರು. ಹೊಸ ಕಣ್ಣಿನಿಂದ ಅವರು ನೋಡಿದ್ದರಲ್ಲಿ ಅದೇ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡಿರಬೇಕು. ಅವರಿಗೆ ನಗು ಬಂತು. ಹೆಚ್ಚು ನಗಬಾರದು, ಕಣ್ಣಿಗೆ ಒತ್ತಡ ಎಂದು ದೊಡ್ಡ ಮಗಳು ಒಳಗಿಂದ ಕೂಗಿದಳು. ಕಣ್ಣು ಹಿಡಿದುಕೊಂಡೇ ನಕ್ಕರು. ಆಮೇಲೆ ಚೋಕಿನ ಹೊಗೆಯಿಂದ ಏಣಿಯವರೆಗೆ ಎಲ್ಲವನ್ನೂ ನನ್ನ ಬಾಯಿಂದ ಬಿಡಿಸಿದರು.

"ಆ ಅರ್ಥ ಅಲ್ಲೋ. ಕರಿ ವಾಯರ್ ಐತಲ್ಲ, ಅದು ಗಾಡಿ ಕಬ್ಬಿಣ ಮುಟ್ಟಬೇಕು. ಕರೆಂಟ್ ಬಂದ ದಾರಿ ಹಿಡಿದು ವಾಪಸ್ ಹೋಗಬೇಕಲ್ಲ, ಅದಕ್ಕ ಅರ್ಥ ಅಂತಾರ. ಭೂಮಿಗೆ ಇಂಗ್ಲೀಷಿನ್ಯಾಗ ಏನಂತಾರ, ಅದು. ನೀ ರಬ್ಬರ್ ಇಟ್ಟು ಬಣ್ಣದ ಮ್ಯಾಲ ಬೋಲ್ಟ್ ಹಾಕೀದಿ. ಅದಕ್ಕ ದಾರಿ ಸಿಗದ ಹಾರ್ನಿನ್ಯಾಗ, ವೈಪರಿನ್ಯಾಗ, ಚೋಕಿನ ತಂತ್ಯಾಗ ಸುತ್ತಾಡೈತಿ. ಏಣಿ ಕಾಲು ಬೋಲ್ಟಿಗೆ ತಾಗಿ, ಮೈ ಡಿಕ್ಕಿ ಅಂಚಿಗೆ ತಾಗಿ ಅರ್ಥ ಕೊಟ್ಟೈತಿ. ಕೆಂಪ ವಾಯರಿನ ಬೋಲ್ಟಿಗೆ ತಾಗಿದ್ರ ನೀನೂ ಇರ್ತಿರ್ಲಿಲ್ಲ, ನಿನ್ನ ಬಣ್ಣನೂ ಇರ್ತಿರ್ಲಿಲ್ಲ."

ನಾನು ಬಗ್ಗಿ ರಬ್ಬರ್ ವಾಶರ್ ಮುಟ್ಟಿ ನೋಡಿದೆ.

"ಎಲ್ಲಾ ಕಡೆ ಬಣ್ಣ ಬಳದ್ರ ಅರ್ಥ ಎಲ್ಲಿಂದ ಬರಬೇಕು? ಕೆರಿ."

ಬೋಲ್ಟು ಬಿಚ್ಚಿ, ರಬ್ಬರ್ ಬಿಸಾಕಿ, ಸ್ಕ್ರೂಡ್ರೈವರಿನಿಂದ ಕೆರೆದೆ. ನನ್ನ ಕೈಯಿಂದ ಹಚ್ಚಿದ ಬಣ್ಣವನ್ನು ನಾನೇ ಕೆರೆದದ್ದು ಇದೇ ಮೊದಲು. ಹಸಿರು ಹೋಯಿತು, ಕೆಂಪು ಹೋಯಿತು, ಬೆಳ್ಳನೆಯ ಕಬ್ಬಿಣ ಬಂತು. ಕೈ ಅಕ್ಷರದ ಕಡೆ ಹೋದಾಗ ಮಾವ "ಏ, ಸಾಕು ಸಾಕು. ಅಕ್ಷರಕ್ಕ ಹತ್ತಬ್ಯಾಡ" ಎಂದರು.

ಒಂದೇ ಏಟಿಗೆ ಚಾಲೂ ಆಯಿತು. ಏಣಿಯನ್ನು ದೊಡ್ಡ ಮಗಳ ಮನೆಯಲ್ಲೇ ಬಿಟ್ಟು ಹೊರಟೆವು. ಊರು ದಾಟಿದ ಮೇಲೆ ಮಾವ ಮುಂದೆ ನೋಡುತ್ತಲೇ ಹೇಳಿದರು: "ಅವತ್ತು ನನ್ನ ಗಾಡಿ ಹಾರ್ನು ಹಿಂದಿನ ಸಂದ್ಯಾಗ ಏಳು ಸಲ ಕೇಳಿಸ್ತು. ಪಟ್ಟಿ ಕಟ್ಟಿದ್ದು ಕಣ್ಣಿಗೆ, ಕಿವಿಗಲ್ಲ." ಆಮೇಲೆ ಬ್ಯಾಡಗಿ ಬರುವವರೆಗೆ ದಾರಿಯ ಬದಿಯ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಾ ಬಂದರು. ಗೋಡೆಯ ಮೇಲೆ ಕೈಬರಹ ಕಂಡರೆ "ಇದು ನಿಂದೇನು?" ಎನ್ನುತ್ತಿದ್ದರು. ಎರಡು ನನ್ನವಿದ್ದವು.

ಕಾರು ಅವರ ಮನೆ ಮುಂದೆ ನಿಲ್ಲಿಸಿ ಕೀಲಿ ಕೊಟ್ಟು, ಬಸ್ಸಿಗೆ ಬಂದೆವು. ಡಿಕ್ಕಿಗೆ ಬೀಗ ಹಾಕಿದ್ದೇನೆ.

12 ಡಿಸೆಂಬರ್, ಬುಧವಾರ

ಇನ್ನು ಕಾರಿನ ವಿಷಯ ಬರೆಯುವುದೇನೂ ಇಲ್ಲ. ಮೇಡ್ಲೇರಿಯ ಟ್ರ್ಯಾಕ್ಟರಿನವರು ಬಂದಿದ್ದರು. ಅಂಗಡಿ ಬಾಗಿಲ ಮಾತೇ ನಮ್ಮ ಟ್ರೇಲರಿಗೂ ಬರೆಯಿರಿ ಎಂದರು. ಅದು ವಾಯರಿನ ವಿಷಯ ಎಂದೆ. ಇರಲಿ ಬರೆಯಿರಿ ಎಂದರು. ಸಂಜೆ ಬರೆಯುತ್ತಿದ್ದೆ.

ಚಹಾ ಕುಡಿಯುವ ಹೊತ್ತಿಗೆ ಫೋನ್ ಬಂತು. ಎತ್ತಿದರೆ ಯಾರೂ ಮಾತಾಡಲಿಲ್ಲ. ಹಲೋ, ಹಲೋ ಎಂದೆ. ಗರ್ರ್ ಎಂದು ಸದ್ದು. ಲೈನ್ ಕೆಟ್ಟಿದೆ ಎಂದುಕೊಂಡು ಇಡಬೇಕೆನ್ನುವಷ್ಟರಲ್ಲಿ ದೂರದಿಂದ ಮಾವನ ದನಿ ಬಂತು.

"ಬಾನೆಟ್ ಹತ್ರ ಹಿಡದೇನಿ. ಕೇಳಾಕತ್ತೈತೇನೋ ಹುಲಿಗ್ಯಾ?"

ಕೇಳುತ್ತಿತ್ತು. ಪೆಟ್ರೋಲಿನದೇ. ಬ್ರಶ್ ಒಣಗಿ ಗಟ್ಟಿಯಾಗುವವರೆಗೆ ಕೇಳಿದೆ. ನಾಳೆ ಹೊಸ ಬ್ರಶ್ ತರಬೇಕು.